ಸುಸ್ತು, ಮರೆವು, ಪರೀಕ್ಷೆಯ ಒತ್ತಡ: ವಿಟಮಿನ್ ಮಾತ್ರೆ ಯಾರಿಗೆ, ಎಷ್ಟು, ಹೇಗೆ

ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ಮೂತ್ರ ಕಡು ಹಳದಿಯಾಗುತ್ತದೆ. ಇದನ್ನು ಕಂಡು ಕೆಲವರು ಹೆದರುತ್ತಾರೆ, ಕೆಲವರು ‘ಮಾತ್ರೆ ಚೆನ್ನಾಗಿ ಹಿಡಿದಿದೆ’ ಎಂದುಕೊಳ್ಳುತ್ತಾರೆ. ಮಾತ್ರೆಯಲ್ಲಿರುವ ಬಿ2, ಅಂದರೆ ರೈಬೋಫ್ಲೇವಿನ್, ಸ್ವತಃ ಹಳದಿ ಬಣ್ಣದ ವಸ್ತು. ದೇಹ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಹೊರಗೆ ಹಾಕಿದೆ, ಅಷ್ಟೆ. ಆ ಹಳದಿ ಹೇಳುವುದು ಒಂದೇ ಸಂಗತಿ: ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಹೋಗಿತ್ತು.

ವಿಟಮಿನ್ ಮಾತ್ರೆ ಚೆನ್ನಾಗಿ ಮಾಡುವ ಕೆಲಸ ಒಂದಿದೆ. ಕಡಿಮೆಯಾಗಿರುವುದನ್ನು ಅದು ತುಂಬುತ್ತದೆ. ಕೊರತೆಯೇ ಇಲ್ಲದ ದೇಹಕ್ಕೆ ಅದೇ ಮಾತ್ರೆ ಕೊಟ್ಟರೆ ಓದುವ ಶಕ್ತಿ ಹೆಚ್ಚುವುದಿಲ್ಲ, ಪರೀಕ್ಷೆಯ ಅಂಜಿಕೆ ಕರಗುವುದೂ ಇಲ್ಲ. ತೊಡಕು ಇರುವುದು ಬೇರೆ ಕಡೆ. ಕೊರತೆಯ ಲಕ್ಷಣಗಳೂ ಒತ್ತಡದ ಲಕ್ಷಣಗಳೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ: ಸುಸ್ತು, ಸಿಡುಕು, ಓದಿದ್ದು ತಲೆಯಲ್ಲಿ ನಿಲ್ಲದಿರುವುದು, ಎದೆ ಬಡಿತ, ನಿದ್ದೆ ಕೆಡುವುದು. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಮೆಡಿಕಲ್ ಶಾಪ್‌ನಿಂದಲ್ಲ, ಇವೆರಡನ್ನು ಬೇರೆ ಮಾಡುವುದರಿಂದ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಬ್ಬಿಣದ ಮಾತ್ರೆಯ ಗುಣ ಮೈಗೆ ಗೊತ್ತಾಗಲು ಎರಡು ಮೂರು ವಾರ ಬೇಕು. ಡಿ ವಿಟಮಿನ್ ಮಟ್ಟ ಸರಿಹೋಗಲು ಎಂಟು ವಾರದ ಮೇಲೆ. ಬಿ12 ಕೊರತೆಯಿಂದ ನರಗಳಿಗೆ ತೊಂದರೆಯಾಗಿದ್ದರೆ ತಿಂಗಳುಗಳೇ ಹಿಡಿಯುತ್ತವೆ. ಹಾಲ್ ಟಿಕೆಟ್ ಕೈಗೆ ಬಂದ ವಾರ ಶುರು ಮಾಡಿದ ಮಾತ್ರೆ ಫಲ ಕೊಡುವುದು ಫಲಿತಾಂಶ ಬರುವ ಹೊತ್ತಿಗೆ. ಇದೆಲ್ಲ ಸೆಮಿಸ್ಟರ್‌ನ ಮೊದಲ ತಿಂಗಳಲ್ಲಿ ಮಾಡುವ ಕೆಲಸ.

ಒಂದನೇ ಹಂತ: ಒಂದು ವಾರ ಬರೆದಿಡಿ

ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಏಳು ದಿನ ನಾಲ್ಕು ವಿಷಯ ಬರೆಯಿರಿ: ಮಲಗಿದ ಮತ್ತು ಎದ್ದ ಹೊತ್ತು, ಕುಡಿದ ಕಾಫಿ-ಟೀ-ಎನರ್ಜಿ ಡ್ರಿಂಕ್ ಎಷ್ಟು ಮತ್ತು ಯಾವಾಗ, ಬಿಟ್ಟ ಊಟ ಯಾವುದು, ಸುಸ್ತು ಅಥವಾ ಗಾಬರಿ ಯಾವ ಹೊತ್ತಿಗೆ. ವಾರದ ಕೊನೆಗೆ ಓದಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ರಾತ್ರಿ ಎರಡಕ್ಕೆ ಮಲಗಿ ಏಳಕ್ಕೆ ಎದ್ದು, ತಿಂಡಿ ಬಿಟ್ಟು, ನಾಲ್ಕು ಟೀ ಕುಡಿದವರ ಸುಸ್ತಿಗೆ ಕಾರಣ ಹುಡುಕಲು ರಕ್ತ ತೆಗೆಯಬೇಕಿಲ್ಲ. ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ ಎರಡರ ನಂತರ ಕಾಫಿ-ಟೀ ನಿಲ್ಲಿಸಿ ಹತ್ತು ದಿನ ನೋಡುವುದು ಯಾವ ಮಾತ್ರೆಗಿಂತಲೂ ಅಗ್ಗದ ಪ್ರಯೋಗ.

ನಿದ್ದೆ, ಊಟ ಸರಿಯಿದ್ದೂ ಸುಸ್ತು ಬಿಡದಿದ್ದರೆ ಈ ಗುರುತುಗಳನ್ನು ಹುಡುಕಿ.

ಹಾಸ್ಟೆಲ್‌ನ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಎದೆ ಡವಡವ, ಕೂದಲು ಹಿಡಿಹಿಡಿಯಾಗಿ ಉದುರುವುದು, ಐಸ್, ಬಳಪ, ಹಸಿ ಅಕ್ಕಿ, ಮಣ್ಣು ತಿನ್ನಬೇಕೆನ್ನುವ ವಿಚಿತ್ರ ಆಸೆ: ಇವು ಕಬ್ಬಿಣದ ಕಡೆ ಬೆರಳು ತೋರಿಸುತ್ತವೆ. ಮುಟ್ಟು ಏಳು ದಿನ ದಾಟುತ್ತಿದ್ದರೆ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಪಾದ, ಬೆರಳುಗಳಲ್ಲಿ ಜುಮುಜುಮು, ನಾಲಿಗೆ ಕೆಂಪಗೆ ನುಣುಪಾಗಿ ಉರಿಯುವುದು, ಮರೆವು, ಜೊತೆಗೆ ಮೊಟ್ಟೆ-ಮೀನು-ಮಾಂಸ ಇಲ್ಲದೆ ಹಾಲು-ಮೊಸರೂ ಕಡಿಮೆ ಇರುವ ಊಟ: ಬಿ12. ಬೆನ್ನು, ತೊಡೆ, ಮೊಣಕಾಲ ಸುತ್ತ ಮಂದ ನೋವು, ದಿನವಿಡೀ ಕ್ಲಾಸ್-ಲ್ಯಾಬ್-ರೂಮಿನೊಳಗೆ ಬದುಕು: ಡಿ ವಿಟಮಿನ್. ತೂಕ ಏರುವುದು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸದೆ ವಿಟಮಿನ್ ಹಿಂದೆ ಹೋಗಬೇಡಿ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದ ಇನ್ನೊಂದು ಸಾಲಿದೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗಿ ಸತ್ತೇ ಹೋಗುತ್ತೇನೆ ಅನ್ನಿಸುವ ಗಾಬರಿ ಮತ್ತೆಮತ್ತೆ ಬರುತ್ತಿದ್ದರೆ, ಬದುಕು ಬೇಡ ಅನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಮಾತ್ರೆಯ ಲೆಕ್ಕ ಬದಿಗಿಟ್ಟು ಇವತ್ತೇ ಒಬ್ಬರೊಂದಿಗೆ ಮಾತಾಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಗೆಳೆಯ ಅಥವಾ ಗೆಳತಿಯ ಪರವಾಗಿ ನೀವೂ ಕರೆ ಮಾಡಬಹುದು.

ಎರಡನೇ ಹಂತ: ಮಾತ್ರೆಗೆ ಮೊದಲು ರಕ್ತ ಪರೀಕ್ಷೆ

ಈ ಅನುಕ್ರಮ ತಪ್ಪಿದರೆ ಸರಿಪಡಿಸುವುದು ಕಷ್ಟ. ಬಿ12 ಮಾತ್ರೆ ಹತ್ತು ದಿನ ನುಂಗಿ ಆಮೇಲೆ ರಕ್ತ ಕೊಟ್ಟರೆ ವರದಿಯಲ್ಲಿ ಅಂಕಿ ಮೇಲಕ್ಕೆ ಏರಿರುತ್ತದೆ. ನಿಜವಾಗಿ ಕೊರತೆ ಇತ್ತೋ ಇಲ್ಲವೋ ಎಂಬುದು ಮುಚ್ಚಿಹೋಗುತ್ತದೆ. ಮೊದಲು ರಕ್ತ, ಆಮೇಲೆ ಮಾತ್ರೆ.

ಎಲ್ಲವನ್ನೂ ಒಟ್ಟಿಗೆ ಮಾಡಿಸುವ ‘ಫುಲ್ ಬಾಡಿ ಪ್ಯಾಕೇಜ್’ ವಿದ್ಯಾರ್ಥಿಯ ಜೇಬಿಗೆ ಭಾರ, ಬಹುಪಾಲು ಅನಗತ್ಯ ಕೂಡ. ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ, ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ, ಖರ್ಚು ಕಡಿಮೆ. ಅದರಲ್ಲಿ ಎರಡು ಸಾಲು ನೋಡಿ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಎರಡನೆಯದು ಎಂಸಿವಿ, ಅಂದರೆ ಕೆಂಪು ರಕ್ತಕಣದ ಗಾತ್ರ. 80ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆಯ ಅನುಮಾನ, 100 ದಾಟಿದರೆ ಬಿ12 ಅಥವಾ ಫೋಲೇಟ್ (ಬಿ9, ಮಾತ್ರೆಯಲ್ಲಿ ಫೋಲಿಕ್ ಆ್ಯಸಿಡ್) ಕೊರತೆಯ ಅನುಮಾನ. ಎರಡೂ ಕೊರತೆ ಒಟ್ಟಿಗಿದ್ದರೆ ಒಂದು ಕಣವನ್ನು ಕುಗ್ಗಿಸಿ ಇನ್ನೊಂದು ಹಿಗ್ಗಿಸಿ, ಸರಾಸರಿ ಗಾತ್ರ ಸರಿಯಾಗಿದೆಯೆಂದೇ ಕಾಣುತ್ತದೆ. ಸಸ್ಯಾಹಾರಿ ಹುಡುಗಿಯರಲ್ಲಿ ಇದು ಅಪರೂಪವಲ್ಲ. ಹಾಗಾಗಿ ಎಂಸಿವಿ ಸರಿಯಿದೆ ಎಂದಷ್ಟಕ್ಕೇ ಸುಮ್ಮನಾಗಬೇಡಿ.

ಮುಂದಿನದು ಫೆರಿಟಿನ್, ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. ಹಿಮೋಗ್ಲೋಬಿನ್ ಇನ್ನೂ ಬೀಳದಿದ್ದರೂ ಉಗ್ರಾಣ ಖಾಲಿಯಾಗಿರಬಹುದು, ಸುಸ್ತು ಆಗಲೇ ಶುರುವಾಗಿರುತ್ತದೆ. 15ಕ್ಕಿಂತ ಕಡಿಮೆಯಿದ್ದರೆ ಕೊರತೆ ಖಚಿತ; 30ಕ್ಕಿಂತ ಕಡಿಮೆಯಿದ್ದು ಲಕ್ಷಣಗಳೂ ಇದ್ದರೆ ಬಹಳಷ್ಟು ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ, ಆದ್ದರಿಂದ ವಾಸಿಯಾಗಿ ಎರಡು ಮೂರು ವಾರ ಬಿಟ್ಟು ಕೊಡಿ. ಬಿ12ಕ್ಕೆ 200 ಪೈಕೋಗ್ರಾಂ ಕೆಳಗೆ ಕೊರತೆ, 200ರಿಂದ 300 ಗಡಿರೇಖೆ. ಡಿ ವಿಟಮಿನ್ 20 ನ್ಯಾನೋಗ್ರಾಂ ಕೆಳಗೆ ಕೊರತೆ. ಹಣ ಕಡಿಮೆಯಿದ್ದರೆ ಇದೇ ಕ್ರಮದಲ್ಲಿ ಹೋಗಿ. ಮೂಳೆ, ಸ್ನಾಯು ನೋವಿಲ್ಲದವರು ಡಿ ಪರೀಕ್ಷೆಯನ್ನು ಕೊನೆಗಿಡಬಹುದು.

ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬ್‌ನಲ್ಲೂ ಹೇಳಿ. ಹೆಚ್ಚು ಪ್ರಮಾಣದ ಬಯೋಟಿನ್ ಇದ್ದಾಗ ಥೈರಾಯ್ಡ್ ಪರೀಕ್ಷೆ ತಪ್ಪು ಅಂಕಿ ತೋರಿಸುತ್ತದೆ. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುವ ಅಪಾಯವಿದೆ.

ಕಬ್ಬಿಣ: ಮಾತ್ರೆಗಿಂತ ನುಂಗುವ ರೀತಿ ಮುಖ್ಯ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57%ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರು ಹುಡುಗಿಯರಿದ್ದರೆ ಇಬ್ಬರಿಗೆ ಇರುವ ಸಾಧ್ಯತೆ ಎಂದರ್ಥ. ‘ಒತ್ತಡ’ ಎಂದು ಹೆಸರಿಟ್ಟ ಸುಸ್ತಿನಲ್ಲಿ ಎಷ್ಟು ಪಾಲು ಇದರದ್ದೋ ಎಂಬ ಕಾಳಜಿಯಿಂದಲೇ ಈ ಭಾಗವನ್ನು ಸ್ವಲ್ಪ ಉದ್ದ ಬರೆಯುತ್ತಿದ್ದೇವೆ.

ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಬರೆದ ಅಂಕಿ ಯಾವುದೆಂದು ಮೊದಲು ತಿಳಿಯಿರಿ. ಫೆರಸ್ ಸಲ್ಫೇಟ್ 200 ಮಿ.ಗ್ರಾಂ ಎಂದರೆ ಅದರಲ್ಲಿ ನಿಜವಾದ ಕಬ್ಬಿಣ ಸುಮಾರು 65 ಮಿ.ಗ್ರಾಂ ಮಾತ್ರ. ‘ಎಲಿಮೆಂಟಲ್ ಐರನ್’ ಎಂದು ಬರೆದ ಸಾಲನ್ನೇ ಲೆಕ್ಕಕ್ಕೆ ಹಿಡಿಯಿರಿ. ಕೊರತೆಗೆ ಸಾಮಾನ್ಯವಾಗಿ 60ರಿಂದ 100 ಮಿ.ಗ್ರಾಂನ ಒಂದು ಮಾತ್ರೆ ಕೊಡುತ್ತಾರೆ. ಬೇಗ ಗುಣವಾಗಲೆಂದು ದಿನಕ್ಕೆ ಎರಡು ನುಂಗಿದರೆ ಹೊಟ್ಟೆ ಕೆಡುವುದು ಬೇಗ, ರಕ್ತ ಏರುವುದು ಅದೇ ವೇಗ. ಒಂದು ಮಾತ್ರೆ ಒಳಗೆ ಹೋದೊಡನೆ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಅರ್ಧ ಮುಚ್ಚುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಕಬ್ಬಿಣ ಕಡಿಮೆಯಿದ್ದ ಯುವತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನ ಬಿಟ್ಟು ದಿನ ಕೊಟ್ಟ ಮಾತ್ರೆಯಿಂದ ಹೆಚ್ಚು ಪಾಲು ಕಬ್ಬಿಣ ಹೀರಲ್ಪಟ್ಟಿತ್ತು. ಹೊಟ್ಟೆ ತಡೆಯದವರು ವೈದ್ಯರನ್ನು ಕೇಳಿ ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳಬಹುದು.

ನುಂಗುವ ಹೊತ್ತು: ತಿಂಡಿಗೆ ಒಂದು ಗಂಟೆ ಮೊದಲು, ಅರ್ಧ ನಿಂಬೆಹಣ್ಣು ಹಿಂಡಿದ ಒಂದು ಲೋಟ ನೀರಿನ ಜೊತೆ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಊಟವಾದ ಎರಡು ಗಂಟೆಯ ನಂತರ. ಅದರ ಹಿಂದೆ ಮುಂದೆ ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಬೇಡ. ಕನಿಷ್ಠ ಎರಡು ಗಂಟೆ ಅಂತರ. ಬೆಳಗ್ಗೆ ಎದ್ದು ಮಾತ್ರೆ ಬಾಯಿಗೆ ಹಾಕಿ ಬಿಸಿ ಟೀ ಗುಟುಕರಿಸುವುದು ಮೂರು ತಿಂಗಳಾದರೂ ಹಿಮೋಗ್ಲೋಬಿನ್ ಏರದಿರುವುದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು. ಮಲ ಕಪ್ಪಾಗುವುದು ಸಹಜ. ಮಲಬದ್ಧತೆಗೆ ನೀರು ಹೆಚ್ಚಿಸಿ, ಪರಂಗಿಹಣ್ಣು, ಬಾಳೆಹಣ್ಣು ತಿನ್ನಿ. ಆಗಲೂ ಬಗ್ಗದಿದ್ದರೆ ಕಬ್ಬಿಣದ ಬೇರೆ ಲವಣದ ಮಾತ್ರೆ ಕೇಳಿ.

ಸರಿಯಾಗಿ ನುಂಗಿದರೆ ಮೂರು ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಬೇಕು. ಏರಿತು ಎಂದು ನಿಲ್ಲಿಸಬೇಡಿ. ಆಗ ತುಂಬಿರುವುದು ರಕ್ತ, ಉಗ್ರಾಣವಲ್ಲ. ಅಂಕಿ ಸರಿಹೋದ ಮೇಲೆ ಇನ್ನೂ ಮೂರು ತಿಂಗಳು ಮುಂದುವರಿಸಬೇಕು. ಇಲ್ಲವಾದರೆ ಮುಂದಿನ ಸೆಮಿಸ್ಟರ್‌ಗೆ ಅದೇ ಸುಸ್ತು. ಗಂಡು ಮಕ್ಕಳಲ್ಲಿ ಕಬ್ಬಿಣ ಕಡಿಮೆ ಕಂಡರೆ ಬರೀ ಮಾತ್ರೆ ಸಾಲದು. ಕೊಕ್ಕೆಹುಳು, ಮೂಲವ್ಯಾಧಿ, ಹೊಟ್ಟೆಹುಣ್ಣು ಹೀಗೆ ರಕ್ತ ಎಲ್ಲಿಂದಲೋ ಸೋರುತ್ತಿರಬಹುದು, ವೈದ್ಯರು ನೋಡಲೇಬೇಕು.

ಪರೀಕ್ಷೆ ಇಲ್ಲದೆ ಕಬ್ಬಿಣವನ್ನು ‘ಇರಲಿ’ ಎಂದು ನುಂಗಬಾರದು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಥಲಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಲ್ಲೂ ಎಂಸಿವಿ ಕಡಿಮೆ ಇರುತ್ತದೆ. ಅವರಿಗೆ ಕಬ್ಬಿಣದ ಅಗತ್ಯವೇ ಇರಲಾರದು.

ಬಿ12: 2 ಮೈಕ್ರೋಗ್ರಾಂ ಬೇಕಾದವರಿಗೆ 1500ರ ಮಾತ್ರೆ ಏಕೆ

ದಿನಕ್ಕೆ ಬೇಕಾದ ಬಿ12 ಎರಡು ಮೈಕ್ರೋಗ್ರಾಂ ಚಿಲ್ಲರೆ. ಅಂಗಡಿಯಲ್ಲಿ ಸಿಗುವ ಮೀಥೈಲ್‌ಕೋಬಾಲಮಿನ್ 1500 ಮೈಕ್ರೋಗ್ರಾಂ. ಇದು ಮೋಸವಲ್ಲ, ಕರುಳಿನ ಲೆಕ್ಕ. ಬಿ12 ಹೀರಿಕೊಳ್ಳುವ ಮುಖ್ಯ ದಾರಿಗೆ ಒಂದು ಸಲಕ್ಕೆ ಒಂದೂವರೆ-ಎರಡು ಮೈಕ್ರೋಗ್ರಾಂ ಮಾತ್ರ ಹಿಡಿಸುತ್ತದೆ. ಮಿಕ್ಕದ್ದರಲ್ಲಿ ಸುಮಾರು ಶೇ. 1ರಷ್ಟು ತಾನಾಗಿ ಒಳಗೆ ಜಿನುಗುತ್ತದೆ. 1500ರಲ್ಲಿ ದೇಹ ಸೇರುವುದು 15ರ ಆಸುಪಾಸು. ಕೊರತೆ ಇದ್ದವರಿಗೆ ಇದೇ ಬೇಕು. ಕೊರತೆ ಇಲ್ಲದವರಿಗೆ ಇಷ್ಟು ಪ್ರಮಾಣದಿಂದ ಯಾವ ಹೆಚ್ಚಿನ ಪ್ರಯೋಜನವೂ ಇಲ್ಲ.

ಹಾಗಾದರೆ ಊಟದಿಂದ? ಒಂದು ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ, ಒಂದು ಮೊಟ್ಟೆಯಲ್ಲಿ ಅರ್ಧ. ಸಸ್ಯಾಹಾರಿಗಳು ದಿನಕ್ಕೆ ಒಂದು ಲೋಟ ಹಾಲು, ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು ಬಿಡದೆ ತೆಗೆದುಕೊಂಡರೆ ಹತ್ತಿರ ಬರುತ್ತಾರೆ. ಮೆಸ್ಸಿನ ನೀರು ಮಜ್ಜಿಗೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಕರಾವಳಿಯವರಿಗೆ ಈ ಚಿಂತೆ ಕಡಿಮೆ. ಬೂತಾಯಿ, ಬಂಗುಡೆಯ ಒಂದು ಊಟದಲ್ಲೇ ದಿನದ ಅಗತ್ಯಕ್ಕಿಂತ ಹೆಚ್ಚು ಸಿಗುತ್ತದೆ. ಇಡ್ಲಿ-ದೋಸೆ ಹಿಟ್ಟು ಹುಳಿಯುವುದರಿಂದ ಬಿ12 ಸಿಗುತ್ತದೆ ಎಂಬ ಮಾತನ್ನು, ಸ್ಪಿರುಲಿನಾ ಡಬ್ಬಿಯ ಮೇಲಿನ ಮಾತನ್ನು ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿರುವುದರ ಬಹುಪಾಲು ಮನುಷ್ಯನ ದೇಹಕ್ಕೆ ಕೆಲಸಕ್ಕೆ ಬಾರದ ರೂಪ.

ಪಿಸಿಓಡಿಗೆ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವ ಹುಡುಗಿಯರು, ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರು ವರ್ಷಕ್ಕೊಮ್ಮೆ ಬಿ12 ನೋಡಿಸಿಕೊಳ್ಳಿ. ಎರಡೂ ಔಷಧಿ ಅದರ ಹೀರಿಕೆಯನ್ನು ತಗ್ಗಿಸುತ್ತವೆ. ಜುಮುಜುಮು, ನಡೆಯುವಾಗ ತೂರಾಟ ಇದ್ದರೆ ಮಾತ್ರೆಗೆ ಕಾಯದೆ ವೈದ್ಯರ ಬಳಿ ಹೋಗಿ, ಇಂಜೆಕ್ಷನ್ ಬೇಕಾಗಬಹುದು. ಮತ್ತೊಂದು ಎಚ್ಚರ: ಬಿ12 ಕೊರತೆ ಇದ್ದು ಫೋಲಿಕ್ ಆ್ಯಸಿಡ್ ಒಂದನ್ನೇ ನುಂಗಿದರೆ ರಕ್ತದ ವರದಿ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಡಿ: ವಾರದ ಮಾತ್ರೆಯನ್ನು ದಿನದ ಮಾತ್ರೆ ಮಾಡಬೇಡಿ

60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಎಂದು ಬರೆದ ಪೊಟ್ಟಣ ಅಥವಾ ಕ್ಯಾಪ್ಸೂಲ್ ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ದಿನದ ಅಗತ್ಯ 600 ಐಯು, ಅಂದರೆ ಒಂದು ಪೊಟ್ಟಣದಲ್ಲಿ ನೂರು ದಿನದ ಪಾಲಿದೆ. ಚೀಟಿಯಲ್ಲಿನ ‘ವಾರಕ್ಕೊಮ್ಮೆ’ಯನ್ನು ಗಮನಿಸದೆ ದಿನಾ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮೂತ್ರಪಿಂಡದ ತೊಂದರೆ ಎಂದು ಆಸ್ಪತ್ರೆ ಸೇರುವುದುಂಟು. ವಾರದ ಒಂದು ದಿನ ಗೊತ್ತುಮಾಡಿಕೊಳ್ಳಿ, ಭಾನುವಾರ ಅನ್ನಿ, ಮೊಬೈಲ್‌ನಲ್ಲಿ ಅಲಾರಂ ಇಡಿ, ಮಧ್ಯಾಹ್ನದ ಊಟದ ಜೊತೆ ತೆಗೆದುಕೊಳ್ಳಿ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಖಾಲಿ ಹೊಟ್ಟೆಗೆ ಸರಿಯಾಗಿ ಹತ್ತುವುದಿಲ್ಲ. ಎಂಟು ವಾರ ಮುಗಿದ ಮೇಲೆ ತಾವಾಗಿ ಮುಂದುವರಿಸಬೇಡಿ. ಬಿಸಿಲಿನಿಂದ ಪಡೆಯುವುದಾದರೆ ಹನ್ನೊಂದರಿಂದ ಎರಡರೊಳಗಿನ ಬಿಸಿಲು, ತೋಳು ಕಾಲು ಬರಿದಾಗಿ. ಕಿಟಕಿಯ ಗಾಜಿನ ಒಳಗೆ ಕೂತರೆ ಬೇಕಾದ ಕಿರಣ ಒಳಗೇ ಬರುವುದಿಲ್ಲ.

ಕೊರತೆ ಇಲ್ಲ, ಒತ್ತಡ ಮಾತ್ರ ಇದೆ: ಆಗ?

ಇಲ್ಲಿ ಸಂಶೋಧನೆ ಹೇಳುವುದನ್ನು ಇದ್ದಷ್ಟೇ ಹೇಳುತ್ತೇವೆ. ಬಿ ಗುಂಪಿನ ವಿಟಮಿನ್‌ಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಒತ್ತಡದ ಮೇಲೆ ಸಣ್ಣ ಪ್ರಯೋಜನ ಕಂಡಿತು, ಆತಂಕದ ಮೇಲೆ ಕಾಣಲಿಲ್ಲ. ಪೋಷಣೆ ಮೊದಲೇ ಕಡಿಮೆಯಿದ್ದವರಿಗೆ ಲಾಭ ಹೆಚ್ಚಿರಬಹುದು ಎಂಬುದು ಅದರ ಸೂಚನೆ. 2022ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು ಯುವಜನರಿಗೆ ದಿನಕ್ಕೆ 100 ಮಿ.ಗ್ರಾಂ ಬಿ6 ಸುಮಾರು ಒಂದು ತಿಂಗಳು ಕೊಟ್ಟು ನೋಡಿದರು. ತಮಗೆ ಆತಂಕ ಕಡಿಮೆಯಾಯಿತೆಂದು ಬಿ6 ನುಂಗಿದವರು ಹೇಳಿಕೊಂಡರು. ಬಿ12 ನುಂಗಿದವರಲ್ಲಿ ಅಷ್ಟು ವ್ಯತ್ಯಾಸವಾಗಲಿಲ್ಲ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕ ತಯಾರಾಗಲು ಬಿ6 ಬೇಕು ಎಂಬುದು ಇದರ ಹಿಂದಿನ ತರ್ಕ.

ಸುದ್ದಿ ಓದಿ 100 ಮಿ.ಗ್ರಾಂ ಬಿ6 ಹುಡುಕಿ ಹೊರಡಬೇಡಿ ಎಂದು ಕೈಮುಗಿದು ಕೇಳುತ್ತೇವೆ. ದಿನಕ್ಕೆ ಬೇಕಾದ್ದು 2 ಮಿ.ಗ್ರಾಂ ಆಸುಪಾಸು. ಹೆಚ್ಚು ಬಿ6 ತಿಂಗಳುಗಟ್ಟಲೆ ಹೋದರೆ ಕೈಕಾಲಿನ ನರಗಳು ಹಾಳಾಗುತ್ತವೆ: ಜುಮುಜುಮು, ಮರಗಟ್ಟುವಿಕೆ. ಅಂದರೆ ಯಾವ ಲಕ್ಷಣ ಕಂಡು ಬಿ ವಿಟಮಿನ್ ಶುರು ಮಾಡುತ್ತಾರೋ ಅದೇ ಲಕ್ಷಣ ಅದರ ಅತಿಯಿಂದಲೂ ಬರುತ್ತದೆ. ಗೊತ್ತಿಲ್ಲದವರು ಪ್ರಮಾಣ ಇನ್ನೂ ಏರಿಸುತ್ತಾರೆ. ಅಮೆರಿಕದಲ್ಲಿ ಮೇಲ್ಮಿತಿ 100 ಮಿ.ಗ್ರಾಂ. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2023ರಲ್ಲಿ ತನ್ನ ಮೇಲ್ಮಿತಿಯನ್ನು 12ಕ್ಕೆ ಇಳಿಸಿತು. ವೈದ್ಯರು ಹೇಳದಿದ್ದರೆ ನೀವು 12ರ ಗೆರೆಯನ್ನೇ ನಂಬಿ.

ಪ್ರಯೋಗ ಮಾಡಲೇಬೇಕೆಂದರೆ ಹೀಗೆ ಮಾಡಿ. ಬಿ6 3 ಮಿ.ಗ್ರಾಂ ಆಸುಪಾಸು ಇರುವ ಸಾಧಾರಣ ಬಿ-ಕಾಂಪ್ಲೆಕ್ಸ್ ಒಂದನ್ನು ಆರಿಸಿ. ತಿಂಡಿಯ ನಂತರ ದಿನಕ್ಕೊಂದು, ನಾಲ್ಕು ವಾರ. ಶುರು ಮಾಡುವ ದಿನ ನಿಮ್ಮ ಒತ್ತಡಕ್ಕೆ ಹತ್ತರಲ್ಲಿ ಒಂದು ಅಂಕ ಕೊಟ್ಟು ಬರೆದಿಡಿ, ಪ್ರತಿ ಭಾನುವಾರ ಹಿಂದಿನ ಅಂಕ ನೋಡದೆ ಹೊಸದು ಬರೆಯಿರಿ. ಆ ನಾಲ್ಕು ವಾರ ಬೇರೇನನ್ನೂ ಹೊಸದಾಗಿ ಶುರು ಮಾಡಬೇಡಿ, ಇಲ್ಲದಿದ್ದರೆ ಯಾವುದರ ಗುಣ ಯಾವುದೆಂದು ತಿಳಿಯುವುದಿಲ್ಲ. ನಾಲ್ಕು ವಾರದ ಕೊನೆಗೆ ಎರಡು ಅಂಕವಾದರೂ ಇಳಿಯದಿದ್ದರೆ ನಿಲ್ಲಿಸಿ, ಆ ದುಡ್ಡನ್ನು ಹಣ್ಣಿಗೆ ಹಾಕಿ.

ಸಿ ವಿಟಮಿನ್‌ನ 500 ಮಿ.ಗ್ರಾಂ ಚೀಪುವ ಮಾತ್ರೆಯನ್ನು ಒತ್ತಡಕ್ಕೆಂದು ತಿನ್ನುವವರಿದ್ದಾರೆ. ದಿನಕ್ಕೆ ಬೇಕಾದ್ದು ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ, ಒಂದು ಮಧ್ಯಮ ಗಾತ್ರದ ಸೀಬೆಹಣ್ಣಿನಲ್ಲಿ ಸುಮಾರು 200 ಇದೆ. ಮೆಗ್ನೀಸಿಯಂ ಹೆಚ್ಚಾದರೆ ಭೇದಿ. ಸತು ದಿನಕ್ಕೆ 40 ಮಿ.ಗ್ರಾಂ ಮೀರಿ ತಿಂಗಳುಗಟ್ಟಲೆ ಹೋದರೆ ದೇಹದ ತಾಮ್ರ ಕುಗ್ಗುತ್ತದೆ. ಅಶ್ವಗಂಧ ಗಿಡಮೂಲಿಕೆಯಾದ್ದರಿಂದ ನಿರಪಾಯ ಎಂದುಕೊಳ್ಳಬೇಡಿ. ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ, ಥೈರಾಯ್ಡ್ ಮಾತ್ರೆ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಮುಟ್ಟಬಾರದು.

ಲೇಬಲ್ ಓದುವ ಕ್ರಮ

ನೀವು ತೆಗೆದುಕೊಳ್ಳುವ ಎಲ್ಲವನ್ನೂ ಮೇಜಿನ ಮೇಲೆ ಇಡಿ: ಮಲ್ಟಿವಿಟಮಿನ್, ಕೂದಲಿನ ಗಮ್ಮಿ, ಪ್ರೋಟೀನ್ ಪುಡಿ, ಎನರ್ಜಿ ಡ್ರಿಂಕ್ ಡಬ್ಬಿ. ಒಂದು ಹಾಳೆಯಲ್ಲಿ ಬಿ6, ಎ, ಡಿ, ಕಬ್ಬಿಣ, ಸತು ಎಂದು ಐದು ಕಾಲಂ ಎಳೆದು ಪ್ರತಿಯೊಂದರ ಅಂಕಿ ತುಂಬಿ ಕೂಡಿಸಿ. ಅತಿಯಾಗುವುದು ಒಂದು ಮಾತ್ರೆಯಿಂದಲ್ಲ, ಹೀಗೆ ನಾಲ್ಕು ಕಡೆಯಿಂದ. ‘ಪ್ರತಿ ಸರ್ವಿಂಗ್’ ಎಂದರೆ ಎಷ್ಟು ಮಾತ್ರೆ ಎಂದು ನೋಡಿ. ಎರಡು ಗಮ್ಮಿಗೆ ಬರೆದದ್ದನ್ನು ಒಂದಕ್ಕೆಂದು ಓದುವುದು ಸಾಮಾನ್ಯ ತಪ್ಪು. ಡಿ ವಿಟಮಿನ್ ಮೈಕ್ರೋಗ್ರಾಂನಲ್ಲಿದ್ದರೆ 40ರಿಂದ ಗುಣಿಸಿದಾಗ ಐಯು ಬರುತ್ತದೆ.

ಡಬ್ಬಿಯಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮುದ್ರೆ, 14 ಅಂಕಿಯ ಪರವಾನಗಿ ಸಂಖ್ಯೆ ಮತ್ತು ಔಷಧಿಯಾಗಿ ಬಳಸುವಂತಿಲ್ಲ ಎಂಬ ಸಾಲು ಇದ್ದರೆ ಅದು ಕಾನೂನಿನ ಪ್ರಕಾರ ಆಹಾರ. ಕೊರತೆಗೆ ಚಿಕಿತ್ಸೆಯಾಗಿ ಅದನ್ನು ನೆಚ್ಚಬೇಡಿ. ವೈದ್ಯರು ಬರೆದ ಔಷಧಿಯ ಸ್ಟ್ರಿಪ್ ಮೇಲೆ ತಯಾರಿಕಾ ಪರವಾನಗಿ, ಬ್ಯಾಚ್ ಸಂಖ್ಯೆ, ಅವಧಿ ಇರುತ್ತವೆ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಅದೇ ಮಾತ್ರೆ ಬಹಳ ಕಡಿಮೆಗೆ ಸಿಗುವುದುಂಟು.

ಬೇರೆ ಔಷಧಿಗಳೊಂದಿಗೆ ಜಗಳ

ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವವರು ಎ ವಿಟಮಿನ್ ಇರುವ ಯಾವ ಮಲ್ಟಿವಿಟಮಿನ್ ಕೂಡ ಮುಟ್ಟಬಾರದು. ಔಷಧಿಯೇ ಎ ವಿಟಮಿನ್‌ನ ಬಂಧು, ಎರಡೂ ಸೇರಿದರೆ ತಲೆನೋವು, ಯಕೃತ್ತಿನ ತೊಂದರೆ. ಮೊಡವೆಗೆ ಡಾಕ್ಸಿಸೈಕ್ಲಿನ್ ಆದರೆ ಕಬ್ಬಿಣ, ಕ್ಯಾಲ್ಸಿಯಂ, ಸತು ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಎರಡು ಮೂರು ಗಂಟೆ ಅಂತರವಿರಲಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ-ಕ್ಯಾಲ್ಸಿಯಂಗೂ ನಾಲ್ಕು ಗಂಟೆ. ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು ಫೋಲಿಕ್ ಆ್ಯಸಿಡ್, ಬಿ6 ಎರಡನ್ನೂ ವೈದ್ಯರ ಗಮನಕ್ಕೆ ತಂದೇ ಶುರು ಮಾಡಿ. ಖಿನ್ನತೆಗೆ, ಆತಂಕಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನು ‘ಈಗ ವಿಟಮಿನ್ ತಗೋತಿದ್ದೀನಲ್ಲ’ ಎಂದು ನಿಲ್ಲಿಸುವುದು ಈ ಎಲ್ಲದಕ್ಕಿಂತ ದೊಡ್ಡ ಅಪಾಯ.

ಮೆಸ್ಸಿನ ತಟ್ಟೆಯಲ್ಲಿ ಏನು ಬದಲಿಸಬಹುದು

ಹಾಸ್ಟೆಲ್ ಊಟವನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಅದರ ಪಕ್ಕ ಇಡುವುದು ಇದೆ. ಎರಡು ನಿಂಬೆಹಣ್ಣು ಕೋಣೆಯಲ್ಲಿರಲಿ. ತಟ್ಟೆಗೆ ಬಡಿಸಿದ ಮೇಲೆ ಸೊಪ್ಪಿನ ಸಾರಿಗೆ, ಕೋಸಂಬರಿಗೆ, ಕಾಳಿನ ಪಲ್ಯಕ್ಕೆ ಹಿಂಡಿ. ಸೊಪ್ಪು-ಕಾಳಿನ ಕಬ್ಬಿಣ ಹೆಚ್ಚು ಹೀರಲು ಇಷ್ಟೇ ಸಾಕು. ಊಟ ಮುಗಿದೊಡನೆ ಟೀ ಬೇಡ, ಒಂದು ಗಂಟೆ ಬಿಡಿ. ರಾಗಿಯಲ್ಲಿ ಕಬ್ಬಿಣ ಬಹಳವೆಂದು ನಂಬಿದವರಿದ್ದಾರೆ; 100 ಗ್ರಾಂಗೆ ಇರುವುದು 5 ಮಿ.ಗ್ರಾಂಗೂ ಕಡಿಮೆ, ಹತ್ತುವುದು ಇನ್ನೂ ಕಡಿಮೆ. ಅದರ ನಿಜವಾದ ಸಂಪತ್ತು ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಮುದ್ದೆ ಉಣ್ಣುವವರಿಗೆ ಬೇರೆ ಕ್ಯಾಲ್ಸಿಯಂ ಮಾತ್ರೆಯ ಅಗತ್ಯ ಕಡಿಮೆ. ಉತ್ತರ ಕರ್ನಾಟಕದ ಮೆಸ್ಸುಗಳಲ್ಲಿ ಬರುವ ಶೇಂಗಾ ಚಟ್ನಿಪುಡಿಯನ್ನು ಬಿಡಬೇಡಿ; ನಯಾಸಿನ್ (ಬಿ3), ಮೆಗ್ನೀಸಿಯಂ ಎರಡೂ ಅದರಲ್ಲಿವೆ. ಕೋಣೆಯಲ್ಲಿ ಇಡಬಹುದಾದದ್ದು ಹುರಿಗಡಲೆ, ಶೇಂಗಾ, ಸೀಬೆ, ಬಾಳೆಹಣ್ಣು. ರಾತ್ರಿ ಓದುವಾಗ ಬಿಸ್ಕತ್ತು-ಚಿಪ್ಸಿನ ಜಾಗಕ್ಕೆ ಒಂದು ಹಿಡಿ ಶೇಂಗಾ ಬಂದರೆ ಹನ್ನೊಂದರ ಹಸಿವೂ ತಗ್ಗುತ್ತದೆ.

ಮರುಪರೀಕ್ಷೆ

ಮಾತ್ರೆ ಶುರು ಮಾಡಿದ ದಿನಾಂಕವನ್ನು ಪಟ್ಟಿಯ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಕಬ್ಬಿಣಕ್ಕೆ ನಾಲ್ಕು ವಾರಕ್ಕೆ ಸಿಬಿಸಿ, ಮೂರು ತಿಂಗಳಿಗೆ ಫೆರಿಟಿನ್. ಬಿ12 ಮತ್ತು ಡಿಗೆ ಮೂರು ತಿಂಗಳು. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಕದಲದಿದ್ದರೆ ಟೀ, ಹಾಲಿನ ಅಂತರ ಸರಿಯಿತ್ತೇ, ಎಷ್ಟು ದಿನ ಮರೆತಿರಿ ಎಂದು ಮೊದಲು ನೋಡಿಕೊಳ್ಳಿ. ಅದೆಲ್ಲ ಸರಿಯಿದ್ದರೆ ಕರುಳು ಹೀರುತ್ತಿಲ್ಲವೋ, ರಕ್ತ ಸೋರುತ್ತಿದೆಯೋ ಎಂಬ ಪ್ರಶ್ನೆ ವೈದ್ಯರದ್ದು. ಅಂಕಿಗಳು ಸರಿಹೋಗಿಯೂ ಮನಸ್ಸಿನ ಭಾರ ಇಳಿಯದಿದ್ದರೆ ಹೊಸ ಮಾತ್ರೆ ಹುಡುಕಬೇಡಿ. ಹಳೆಯ ವರದಿ, ಖಾಲಿ ಪಟ್ಟಿಗಳು, ಆ ಏಳು ದಿನದ ಪುಟ, ಮೂರನ್ನೂ ಹಿಡಿದುಕೊಂಡು ಕಾಲೇಜಿನ ಆಪ್ತ ಸಮಾಲೋಚಕರ ಬಳಿ ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ. ದೇಹದ ಕಾರಣಗಳನ್ನು ಆಗಲೇ ಬದಿಗೆ ಸರಿಸಿ ಬಂದವರೊಡನೆ ಅವರು ಮೊದಲ ದಿನವೇ ನೇರ ವಿಷಯಕ್ಕೆ ಬರಬಹುದು.